ಅಡಿಕೆ ಸಿಪ್ಪೆಯ ಇಂಗಾಲವು ನೀರಿನಲ್ಲಿರುವ ವಿಷವನ್ನು ಒಡೆಯುತ್ತದೆಯೇ, ಹಿಡಿದಿಟ್ಟುಕೊಳ್ಳುತ್ತದೆಯೇ?

ಪ್ರಶ್ನೆ: ಎಣ್ಮಕಜೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ನಮ್ಮ ಮನೆಗೆ ಕುಡಿಯುವ ನೀರು ಬರುವುದು ಅಜ್ಜನ ಕಾಲದಲ್ಲಿ ಗುಡ್ಡದ ಮುರಕಲ್ಲನ್ನು ಕೊರೆದು ಮಾಡಿದ ಸುರಂಗದಿಂದ. ಅದೇ ಗುಡ್ಡದ ಮೇಲ್ಭಾಗದಲ್ಲಿರುವ ಗೇರು ತೋಟಕ್ಕೆ 2000ನೆಯ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ನಾನು ಹುಟ್ಟುವ ಮೊದಲೇ ಅದು ನಿಂತಿತ್ತಾದರೂ ನೀರು ಕುಡಿಯುವಾಗಲೆಲ್ಲ ಅಮ್ಮನಿಗೆ ಆ ನೆನಪು ಬರುತ್ತದೆ. ನನ್ನ ಪ್ರಾಜೆಕ್ಟಿಗೆ ನೀರಿನ ಶುದ್ಧೀಕರಣವನ್ನು ಆರಿಸಿಕೊಳ್ಳಲು ಕಾರಣವೂ ಅದೇ.

ನಮ್ಮ ತೋಟದ ಅಡಿಕೆ ಸಿಪ್ಪೆಯನ್ನು ಒಣಗಿಸಿ, ಯೂರಿಯಾದೊಂದಿಗೆ ಅರೆದು, ಸಾರಜನಕದ ಹರಿವಿನಲ್ಲಿ 700 ಡಿಗ್ರಿಗೆ ಕಾಯಿಸಿ ಒಂದು ಕರಿ ಪುಡಿಯನ್ನು ತಯಾರಿಸಿದ್ದೇನೆ. ಮೆಥಿಲೀನ್ ನೀಲಿ ಎಂಬ ಬಣ್ಣದ ದ್ರಾವಣಕ್ಕೆ ಈ ಪುಡಿಯನ್ನೂ ಪೆರಾಕ್ಸಿಮೊನೊಸಲ್ಫೇಟ್ ಎಂಬ ಪ್ರಬಲ ಉತ್ಕರ್ಷಕ ಲವಣವನ್ನೂ ಹಾಕಿದಾಗ ಕೆಲವೇ ನಿಮಿಷಗಳಲ್ಲಿ ಬಣ್ಣ ಸಂಪೂರ್ಣ ಮಾಯವಾಯಿತು. ಲೋಹವೇ ಇಲ್ಲದ ಇಂಗಾಲದ ನ್ಯಾನೋ ಕ್ರಿಯಾವರ್ಧಕ ಸಿದ್ಧವಾಯಿತೆಂದು ನನಗೆ ತುಂಬಾ ಸಂತೋಷವಾಯಿತು. ಆದರೆ ನನ್ನ ಮಾರ್ಗದರ್ಶಕರು, "ಇದು ಬಣ್ಣವನ್ನು ಒಡೆಯಿತೋ, ಇದ್ದಿಲಿನಂತೆ ಹೀರಿಕೊಂಡಿತೋ ಎಂದು ಹೇಗೆ ಹೇಳುವೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಲೋಹವಿಲ್ಲದ ಬರಿಯ ಇಂಗಾಲ ಈ ಕೆಲಸವನ್ನು ಹೇಗೆ ಮಾಡುತ್ತದೆ, ಒಡೆದಿದೆ ಎಂದು ಖಚಿತಪಡಿಸಿಕೊಳ್ಳುವ ಬಗೆ ಯಾವುದು, ಮುಂದೆ ಇದನ್ನು ನಮ್ಮ ಸುರಂಗದ ನೀರಿಗೆ ಬಳಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಜಲಸಂಸ್ಕರಣೆಯ ಸಂಶೋಧಕ, ಮೂಲ ಊರು ಮಂಜೇಶ್ವರ

ನಿಮ್ಮ ಮಾರ್ಗದರ್ಶಕರು ಕೇಳಿದ ಪ್ರಶ್ನೆಯೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ಇಂಗಾಲ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ.

ನೀರಿನ ಸಾವಯವ ಮಲಿನಕಾರಿಗಳನ್ನು ತೀವ್ರ ಉತ್ಕರ್ಷಣೆಯಿಂದ ಒಡೆಯುವ ವಿಧಾನದ ಬೇರು 1894ರಷ್ಟು ಹಿಂದಿನದು. ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದರೆ ಟಾರ್ಟಾರಿಕ್ ಆಮ್ಲ ಉತ್ಕರ್ಷಣೆಗೊಳ್ಳುತ್ತದೆ ಎಂದು ಫೆಂಟನ್ ಎಂಬ ವಿಜ್ಞಾನಿ ಆ ವರ್ಷ ತೋರಿಸಿದರು. ಆ ಕ್ರಿಯೆ ಚೆನ್ನಾಗಿ ನಡೆಯಬೇಕಾದರೆ ಪಿಎಚ್ 3ರ ಸುತ್ತಮುತ್ತ ಇರಬೇಕು, ಮುಗಿದ ಮೇಲೆ ಕಬ್ಬಿಣದ ಕೆಸರೂ ಉಳಿಯುತ್ತದೆ. ಪೆರಾಕ್ಸಿಮೊನೊಸಲ್ಫೇಟನ್ನು ಎಬ್ಬಿಸಲು, ಅಂದರೆ ಕ್ರಿಯೆಗೆ ಚುರುಕುಗೊಳಿಸಲು, ಕೋಬಾಲ್ಟ್ ಬಹಳ ಸಮರ್ಥವಾಗಿದ್ದರೂ ಅದು ಸ್ವಲ್ಪವೇ ಆದರೂ ನೀರಿಗೆ ಕರಗಿ ಇಳಿಯುತ್ತದೆ, ಮತ್ತು ಕುಡಿಯುವ ನೀರಿನಲ್ಲಿ ಕೋಬಾಲ್ಟ್ ಯಾರಿಗೂ ಬೇಡ. 2012ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದ ಸಂಶೋಧಕರು ಅಪಕರ್ಷಿತ ಗ್ರಾಫೀನ್ ಆಕ್ಸೈಡ್ (ಇಂಗಾಲದ ಅತಿ ತೆಳು ಹಾಳೆ) ಒಂದೇ, ಲೋಹದ ನೆರವಿಲ್ಲದೆ, ಇದೇ ಲವಣವನ್ನು ಎಬ್ಬಿಸಿ ಫೀನಾಲನ್ನು ಒಡೆಯಬಲ್ಲುದೆಂದು ತೋರಿಸಿದಾಗ ಈ ವಿಷಯಕ್ಕೆ ಅಷ್ಟು ಗಮನ ಸಿಕ್ಕಿದ್ದು ಈ ಹಿನ್ನೆಲೆಯಲ್ಲಿ. ಅನಂತರ ಇಂಗಾಲದ ನ್ಯಾನೋ ನಳಿಕೆಗಳು, ನ್ಯಾನೋ ವಜ್ರಗಳು, ಕೃಷಿ ತ್ಯಾಜ್ಯದ ಇಂಗಾಲಗಳು ಒಂದೊಂದಾಗಿ ಪರೀಕ್ಷೆಗೆ ಬಂದವು.

ಪೆರಾಕ್ಸಿಮೊನೊಸಲ್ಫೇಟಿನ ಒಡಲಲ್ಲಿ ಎರಡು ಆಮ್ಲಜನಕ ಪರಮಾಣುಗಳ ನಡುವೆ ಒಂದು ದುರ್ಬಲ ಬಂಧವಿದೆ. ಇಂಗಾಲದ ಹಾಳೆಯ ಅಂಚು, ಹಾಳೆಯಲ್ಲಿ ಪರಮಾಣು ತಪ್ಪಿಹೋದ ಜಾಗ, ಕೀಟೋನ್ ಗುಂಪು ಇವುಗಳಲ್ಲಿ ಎಲೆಕ್ಟ್ರಾನುಗಳು ಸಡಿಲವಾಗಿರುತ್ತವೆ. ಅಲ್ಲಿಂದ ಒಂದು ಎಲೆಕ್ಟ್ರಾನ್ ದಾಟಿದರೆ ಆ ಬಂಧ ಕಡಿದು, ಒಂಟಿ ಎಲೆಕ್ಟ್ರಾನ್ ಇರುವ ಬಹಳ ಚುರುಕಾದ ಸಲ್ಫೇಟ್ ರ‍್ಯಾಡಿಕಲ್ ಹುಟ್ಟುತ್ತದೆ. ಅದರ ಉತ್ಕರ್ಷಣ ವಿಭವ 2.5ರಿಂದ 3.1 ವೋಲ್ಟ್. ಹುಟ್ಟಿದ ಮೇಲೆ ಅದು ಬದುಕುವುದು ಹತ್ತಾರು ಮೈಕ್ರೋಸೆಕೆಂಡುಗಳಷ್ಟೇ ಆದರೂ ಅಷ್ಟರಲ್ಲೇ ಕೈಗೆ ಸಿಕ್ಕಿದ ಸಾವಯವ ಅಣುವನ್ನು ಕಡಿಯುತ್ತದೆ. ನೀವು ಯೂರಿಯಾ ಬೆರೆಸಿದ್ದಕ್ಕೂ ಇಲ್ಲಿ ಅರ್ಥವಿದೆ. ಹಾಳೆಯೊಳಗೆ ಸೇರಿದ ಸಾರಜನಕವು ಎಲೆಕ್ಟ್ರಾನನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಪಕ್ಕದ ಇಂಗಾಲ ಪರಮಾಣು ತುಸು ಧನ ಆವೇಶ ಪಡೆಯುತ್ತದೆ, ಋಣ ಆವೇಶದ ಪೆರಾಕ್ಸಿಮೊನೊಸಲ್ಫೇಟ್ ಅಲ್ಲಿಗೆ ಬಂದು ಕೂರುತ್ತದೆ.

ರ‍್ಯಾಡಿಕಲ್ ಹುಟ್ಟದೆಯೂ ಕೆಲಸ ನಡೆಯುವ ಇನ್ನೊಂದು ದಾರಿಯಿದೆ, ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಲ್ಲಿ. ಮಲಿನಕಾರಿ ಹಾಳೆಯ ಒಂದು ಕಡೆ, ಪೆರಾಕ್ಸಿಮೊನೊಸಲ್ಫೇಟ್ ಇನ್ನೊಂದು ಕಡೆ ಅಂಟಿಕೊಂಡು, ನಡುವಿನ ಇಂಗಾಲ ತಂತಿಯಂತೆ ಎಲೆಕ್ಟ್ರಾನನ್ನು ಸಾಗಿಸುತ್ತದೆ. ಈ ದಾರಿ ಆಯ್ಕೆ ಮಾಡುವ ಸ್ವಭಾವದ್ದು. ಫೀನಾಲ್, ಬಿಸ್ಫೀನಾಲ್ ಎ, ಸಲ್ಫಾ ಔಷಧಗಳಂತಹ ಎಲೆಕ್ಟ್ರಾನ್ ಸಮೃದ್ಧ ಅಣುಗಳು ಬೇಗ ಒಡೆಯುತ್ತವೆ. ನೈಟ್ರೋಬೆಂಜೀನಿನಂತಹ ಎಲೆಕ್ಟ್ರಾನ್ ಬಡ ಅಣುಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಎಂಡೋಸಲ್ಫಾನಿನಲ್ಲಿ ಆರು ಕ್ಲೋರಿನ್ ಪರಮಾಣುಗಳು ಎಲೆಕ್ಟ್ರಾನುಗಳನ್ನು ಎಳೆದುಕೊಂಡಿವೆ, ಬಿಟ್ಟುಕೊಡುವಂತಹ ಫೀನಾಲಿನ ರೀತಿಯ ಉಂಗುರ ಅದರಲ್ಲಿಲ್ಲ. ಆದ್ದರಿಂದ ಮೆಥಿಲೀನ್ ನೀಲಿಯ ಮೇಲೆ ಗೆದ್ದ ಪುಡಿ ಎಂಡೋಸಲ್ಫಾನಿನ ಮೇಲೂ ಗೆಲ್ಲುತ್ತದೆ ಎಂದು ಭಾವಿಸಲು ಆಧಾರವಿಲ್ಲ.

ಇನ್ನು ಒಡೆಯಿತೋ ಹೀರಿತೋ ಎಂಬುದು. ಮೆಥಿಲೀನ್ ನೀಲಿ ಧನ ಆವೇಶದ, ಚಪ್ಪಟೆಯಾದ ಅಣು. ಇದ್ದಿಲು ಅದನ್ನು ಆಸೆಯಿಂದ ಹೀರಿಕೊಳ್ಳುತ್ತದೆ, ಇದ್ದಿಲಿನ ಹೀರುವ ಶಕ್ತಿಯನ್ನು ಅಳೆಯಲು ಬಳಸುವುದೇ ಆ ಬಣ್ಣವನ್ನು. ಹೀಗಾಗಿ ಪುಡಿ ಮಾತ್ರ, ಲವಣ ಮಾತ್ರ, ಎರಡೂ ಕೂಡಿ ಎಂಬ ಮೂರು ಪಾತ್ರೆಗಳನ್ನು ಒಟ್ಟಿಗೆ ನಡೆಸದೆ ಏನನ್ನೂ ಹೇಳಲಾಗದು. ಲವಣವನ್ನು ಹಾಕುವ ಮೊದಲು ಪುಡಿಯನ್ನು ದ್ರಾವಣದಲ್ಲಿ ಅರ್ಧ ಅಥವಾ ಒಂದು ಗಂಟೆ ಕಲಕಿ, ಹೀರಿಕೆ ಸಮಸ್ಥಿತಿಗೆ ಬರುವುದನ್ನು ಕಾಯಿರಿ. ಪ್ರಯೋಗ ಮುಗಿದ ಮೇಲೆ ಪುಡಿಯನ್ನು ಸೋಸಿ ಮೆಥನಾಲಿನಲ್ಲಿ ತೊಳೆದು, ಆ ತೊಳೆದ ದ್ರಾವಣವನ್ನು ಅಳೆಯಿರಿ. ನೀರಿನಿಂದ ಕಾಣೆಯಾದದ್ದು ಅಲ್ಲಿ ಸಿಕ್ಕಿದರೆ ಅದು ಒಡೆದಿಲ್ಲ, ಜಾಗ ಬದಲಿಸಿದೆ ಅಷ್ಟೆ.

ಕೊನೆಗೊಂದು ಮಾತು, ನಾನೂ ಅಡಿಕೆ ತೋಟದ ಮನೆಯವನಾದ್ದರಿಂದ ಹೊಳೆದದ್ದು. ನಿಮ್ಮ ಸಿಪ್ಪೆ ಬಂದ ಮರಗಳ ಗೊನೆಗಳಿಗೆ ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸಿಂಪಡಿಸಿರುತ್ತೀರಿ. ಕಾಯಿಸಿದಾಗ ಸಿಪ್ಪೆಯ ಬಹುಭಾಗ ಅನಿಲವಾಗಿ ಹೋಗುತ್ತದೆ, ತಾಮ್ರ ಹೋಗುವುದಿಲ್ಲ, ಉಳಿದ ಪುಡಿಯಲ್ಲಿ ಸಾಂದ್ರವಾಗುತ್ತದೆ. ತಾಮ್ರದ ಆಕ್ಸೈಡ್ ಕೂಡ ಪೆರಾಕ್ಸಿಮೊನೊಸಲ್ಫೇಟನ್ನು ಎಬ್ಬಿಸಬಲ್ಲ ವಸ್ತು. ನಿಮ್ಮ ಕ್ರಿಯಾವರ್ಧಕವನ್ನು ಲೋಹರಹಿತವೆಂದು ಕರೆಯುವ ಮೊದಲು ಆಮ್ಲದಲ್ಲಿ ಚೆನ್ನಾಗಿ ತೊಳೆದು, ಉಳಿದ ತಾಮ್ರವೆಷ್ಟು, ಕಬ್ಬಿಣವೆಷ್ಟು ಎಂದು ಅಳೆಸಿ.

ಉತ್ತರ: ಬಣ್ಣದ ಕಾರ್ಖಾನೆಯ ರಸಾಯನಜ್ಞ, ಅಕ್ಕಲಕೋಟೆ

ಮೇಲಿನ ಮಾತುಗಳಿಗೆ ನನ್ನ ಅನುಭವವೊಂದನ್ನು ಸೇರಿಸುತ್ತೇನೆ, ತಂಗೀ. ಸೋಲಾಪುರದ ಚಾದರ, ಟವೆಲುಗಳಿಗೆ ಬಣ್ಣ ಹಾಕುವ ಕೆಲಸದಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ಬಣ್ಣದ ನೀರಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಹಾಕಲೇಬೇಕು, ಆದ್ದರಿಂದ ನಮ್ಮಲ್ಲಿಂದ ಹೊರಬೀಳುವ ನೀರು ಬಣ್ಣದ ಜೊತೆಗೆ ಭಾರಿ ಉಪ್ಪನ್ನೂ ಹೊತ್ತಿರುತ್ತದೆ.

ಕೆಲವು ವರ್ಷಗಳ ಹಿಂದೆ ಇಂಗಾಲದ ನ್ಯಾನೋ ನಳಿಕೆ ಮತ್ತು ನೀವು ಹೇಳಿದ ಅದೇ ಲವಣವನ್ನು ಬಳಸಿ ಒಂದು ಸಣ್ಣ ಪರೀಕ್ಷೆ ನಡೆಸಿದ್ದೆವು. ಕಡುನೀಲಿ ನೀರು ನೋಡನೋಡುತ್ತಿದ್ದಂತೆ ತಿಳಿಯಾಯಿತು. ಮಾಲೀಕರಿಗೆ ತೋರಿಸಿದೆವು, ಅವರೂ ಸಂತೋಷಪಟ್ಟರು. ಮರುದಿನ ಸಹೋದ್ಯೋಗಿಯೊಬ್ಬರು ನಳಿಕೆಯ ಪುಡಿಯನ್ನು ಹಾಕದೆ ಲವಣವನ್ನಷ್ಟೇ ಹಾಕಿ ನೋಡಿದರು. ಬಣ್ಣ ಅಷ್ಟೇ ಬೇಗ ಹೋಯಿತು. ಉಪ್ಪಿನ ಕ್ಲೋರೈಡ್ ಪೆರಾಕ್ಸಿಮೊನೊಸಲ್ಫೇಟಿನೊಂದಿಗೆ ನೇರವಾಗಿ ಸೇರಿ ಹೈಪೋಕ್ಲೋರಸ್ ಆಮ್ಲವಾಗಿತ್ತು. ಎಂದರೆ ನಾವು ಮಾಡಿದ್ದು ಬ್ಲೀಚಿಂಗ್ ಪುಡಿ ಹಾಕಿದಷ್ಟೇ ಕೆಲಸ, ಅದಕ್ಕಿಂತ ಎಷ್ಟೋ ಹೆಚ್ಚು ಖರ್ಚಿನಲ್ಲಿ. ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಕ್ಲೋರಿನ್ ಸೇರಿದ ಸಾವಯವ ವಸ್ತುಗಳ ಪ್ರಮಾಣ ಮೊದಲಿಗಿಂತ ಹೆಚ್ಚಾಗಿತ್ತು. ಕಣ್ಣಿಗೆ ತಿಳಿಯಾದ ನೀರು ನಿಜದಲ್ಲಿ ಮೊದಲಿಗಿಂತ ಕೆಟ್ಟಿತ್ತು. ಅಂದಿನಿಂದ ನಾನು ಬಣ್ಣವನ್ನು ಸಾಕ್ಷಿಯೆಂದು ನಂಬುವುದಿಲ್ಲ. ಅಜೋ ಬಣ್ಣದ ನಡುವಿನ ಸಾರಜನಕದ ಬಂಧ ಕಡಿದರೆ ಸಾಕು, ಬಣ್ಣ ಹೋಗುತ್ತದೆ. ಎರಡು ಬದಿಯ ಉಂಗುರಗಳು ನೀರಿನಲ್ಲೇ ಇರುತ್ತವೆ.

ನೀವು ಸಿಓಡಿಯನ್ನು, ಅಂದರೆ ನೀರಿನ ಕಲ್ಮಶವನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣವನ್ನು, ಅಳೆಯುವಿರಾದರೆ ಅದರಲ್ಲೂ ಒಂದು ತೊಡಕಿದೆ. ಉಳಿದುಕೊಂಡ ಉತ್ಕರ್ಷಕ ಅಳತೆಯನ್ನು ಕೆಡಿಸುತ್ತದೆ ಎಂದು ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ಕ್ರಿಯೆಯನ್ನು ನಿಲ್ಲಿಸುತ್ತಾರೆ, ಆದರೆ ಹೆಚ್ಚಾಗಿ ಉಳಿದ ಹೈಪೋ ತಾನೇ ಆ ಅಳತೆಗೆ ಬಳಸುವ ಡೈಕ್ರೋಮೇಟನ್ನು ತಿಂದು ಸಿಓಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಸಾಧ್ಯವಿದ್ದಲ್ಲಿ ಒಟ್ಟು ಸಾವಯವ ಇಂಗಾಲವನ್ನು, ಅಂದರೆ ಟಿಓಸಿಯನ್ನು ಅಳೆಸುವುದು ಒಳ್ಳೆಯದು.

ಎಣ್ಮಕಜೆಯ ವಿದ್ಯಾರ್ಥಿನಿ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇವತ್ತು ಮೂರು ಪಾತ್ರೆಗಳ ಪ್ರಯೋಗ ಮಾಡಿದೆ. ಪುಡಿಯೊಂದೇ ಇದ್ದ ಪಾತ್ರೆಯಲ್ಲೂ ಅರ್ಧ ಗಂಟೆಯೊಳಗೆ ನೀಲಿ ಬಹುಪಾಲು ಹೋಗಿಬಿಟ್ಟಿತು; ಮೆಥನಾಲಿನಲ್ಲಿ ತೊಳೆದಾಗ ಬಣ್ಣ ಮತ್ತೆ ಹೊರಬಂತು. ಮೈಲುತುತ್ತಿನ ಯೋಚನೆ ನನಗೆ ಬಂದೇ ಇರಲಿಲ್ಲ. ಅಪ್ಪನನ್ನು ಕೇಳಿದರೆ ಕಳೆದ ಮಳೆಗಾಲದಲ್ಲಿ ಎರಡು ಸಲ ಸಿಂಪಡಿಸಿದ್ದೇವೆ ಎಂದರು.

ಹೀಗಾದರೆ ನೇರವಾಗಿ ಎಂಡೋಸಲ್ಫಾನನ್ನೇ ಶುದ್ಧ ನೀರಿಗೆ ಹಾಕಿ ಪ್ರಯೋಗ ಮಾಡುವುದು ಹೆಚ್ಚು ಪ್ರಾಮಾಣಿಕವಲ್ಲವೇ? ನನಗೆ ಬೇಕಾದ ಉತ್ತರವಿರುವುದು ಅದರಲ್ಲೇ. ಮನೆಯವರು ಕೇಳುವುದೂ ಅದನ್ನೇ.

ಉತ್ತರ: ನಿವೃತ್ತ ಅಧ್ಯಾಪಕ, ಪೈವಳಿಕೆ

ಪ್ರಯೋಗಶಾಲೆಯ ಪ್ರಶ್ನೆಗೆ ಸಂಶೋಧಕರು ಉತ್ತರಿಸಲಿ. ನಾನು ಮನೆಯವರ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಆ ಹೆಲಿಕಾಪ್ಟರನ್ನು ಕಂಡವರಲ್ಲಿ ನಾನೂ ಒಬ್ಬ. ಸಿಂಪಡಿಸುವ ದಿನ ಬಾವಿಗಳನ್ನು ಮುಚ್ಚಿರೆಂದು ಹೇಳುತ್ತಿದ್ದರು. ಬಾವಿಗೆ ತೆಂಗಿನ ಮಡಲು ಹೊದೆಸಬಹುದಿತ್ತು. ಸುರಂಗದಿಂದ ಹರಿದು ಬಂದು ತೆರೆದ ಹೊಂಡದಲ್ಲಿ ನಿಲ್ಲುವ ನೀರಿಗೆ, ಗುಡ್ಡದಿಂದ ಇಳಿಯುವ ತೋಡಿಗೆ ಏನನ್ನು ಹೊದೆಸುವುದು? ಆದ್ದರಿಂದ ನಿಮ್ಮ ತಾಯಿಯವರ ಆತಂಕವನ್ನು ನಾನು ಅತಿಯೆಂದು ಹೇಳಲಾರೆ.

ಆದರೆ ಆತಂಕಕ್ಕೆ ಮೊದಲ ಮದ್ದು ಕ್ರಿಯಾವರ್ಧಕವಲ್ಲ, ಪರೀಕ್ಷೆ. ಎಂಡೋಸಲ್ಫಾನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಲೀಟರಿಗೆ ಸುಮಾರು 0.3 ಮಿಲಿಗ್ರಾಂ. ಮಣ್ಣಿಗೆ, ಕೆಸರಿಗೆ ಅಂಟಿಕೊಳ್ಳುವುದೇ ಅದರ ಸ್ವಭಾವ. ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತದೆ, ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಲ್ಲಿ ಇದರ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ, ಆಲ್ಫಾ, ಬೀಟಾ ಎಂಬ ಎರಡು ರೂಪಗಳನ್ನೂ ಈ ಸಲ್ಫೇಟನ್ನೂ ಅಲ್ಲಿ ಹೇಳಿದೆ. ಸಿಂಪಡಣೆ ನಿಂತು 20ಕ್ಕೂ ಹೆಚ್ಚು ಮಳೆಗಾಲಗಳು ಕಳೆದಿವೆ, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಇಂದು ನಿಮ್ಮ ಸುರಂಗದಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಊಹಿಸುತ್ತ ಕೂರುವ ಬದಲು ಅಳೆಸಿರಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ತೆಗೆಯಬೇಡಿ, ಇಂತಹ ಅಣುಗಳು ಅದರ ಗೋಡೆಗೆ ಅಂಟುತ್ತವೆ. ಕಂದು ಗಾಜಿನ ಬಾಟಲಿಯಲ್ಲಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ತಡಮಾಡದೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಇರುವ ಪ್ರಯೋಗಾಲಯಕ್ಕೆ ಮುಟ್ಟಿಸಿ. ನೀರಿನ ಜೊತೆಗೆ ಹೊಂಡದ ತಳದ ಕೆಸರನ್ನೂ ಕಳುಹಿಸಬೇಕು, ಇರುವುದಾದರೆ ಅಲ್ಲೇ ಇರುವ ಸಂಭವ ಹೆಚ್ಚು. ಮಳೆಗಾಲದ ಮೊದಲ ದೊಡ್ಡ ಮಳೆಯ ಬಳಿಕ ಒಮ್ಮೆ, ಬೇಸಗೆಯಲ್ಲಿ ಇನ್ನೊಮ್ಮೆ ತೆಗೆದರೆ ಚಿತ್ರ ಸ್ಪಷ್ಟವಾಗುತ್ತದೆ.

ಒಂದು ವೇಳೆ ಸಿಕ್ಕಿದರೂ ಮನೆಯ ಮಟ್ಟದಲ್ಲಿ ತಕ್ಷಣದ ಉಪಾಯ ನಮ್ಮೂರಿನ ತೆಂಗಿನ ಗೆರಟೆಯಿಂದಲೇ ತಯಾರಾಗುವ ಸಕ್ರಿಯ ಇಂಗಾಲದ ಫಿಲ್ಟರ್. ಅದು ಒಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಮನೆಗೆ ಅಷ್ಟು ಸಾಕು, ಕಾಲಕಾಲಕ್ಕೆ ಬದಲಾಯಿಸುವುದಾದರೆ. ಬದಲಾಯಿಸದ ಫಿಲ್ಟರ್ ರೋಗಾಣುಗಳ ಮನೆಯಾಗುತ್ತದೆ. ಸುರಂಗದ ನೀರಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿವೆಯೇ ಎಂಬ ಪರೀಕ್ಷೆಯನ್ನೂ ಇದರ ಜೊತೆಗೇ ಮಾಡಿಸಿ, ಕುದಿಸಿ ಕುಡಿಯುವ ಅಭ್ಯಾಸವನ್ನು ಬಿಡಬೇಡಿ.

ಜಲಸಂಸ್ಕರಣೆಯ ಸಂಶೋಧಕ

ಮಾಸ್ತರರು ಹೇಳಿದ್ದರಲ್ಲಿ ಒಂದಕ್ಷರವನ್ನೂ ಬದಲಿಸುವ ಅಗತ್ಯವಿಲ್ಲ. ಎಂಡೋಸಲ್ಫಾನನ್ನು ಮಾದರಿ ವಸ್ತುವಾಗಿ ತೆಗೆದುಕೊಳ್ಳುವ ಬಗ್ಗೆ ಮಾತ್ರ ಲೆಕ್ಕ ಹಾಕಿ ತೋರಿಸುತ್ತೇನೆ.

ನೀರು ಹಿಡಿಯಬಲ್ಲಷ್ಟೂ, ಅಂದರೆ ಲೀಟರಿಗೆ 0.3 ಮಿಲಿಗ್ರಾಂ ಎಂಡೋಸಲ್ಫಾನ್ ಕರಗಿಸಿದಿರಿ ಎಂದುಕೊಳ್ಳಿ. ಅದರ ಅಣುಭಾರ ಸುಮಾರು 407, ಒಂಬತ್ತು ಇಂಗಾಲ, ಆರು ಕ್ಲೋರಿನ್. ಪೂರ್ತಿ ಒಡೆದರೂ ಹೊರಬರುವ ಕ್ಲೋರೈಡ್ ಲೀಟರಿಗೆ ಸುಮಾರು 0.16 ಮಿಲಿಗ್ರಾಂ, ಕಳೆದುಹೋಗುವ ಸಾವಯವ ಇಂಗಾಲ ಸುಮಾರು 0.08 ಮಿಲಿಗ್ರಾಂ. ಸುರಂಗದ ನೀರಿನಲ್ಲಿ ಸಹಜವಾಗಿರುವ ಕ್ಲೋರೈಡಿನ ನಡುವೆ ಮೊದಲನೆಯದು ಮುಳುಗಿಹೋಗುತ್ತದೆ, ಎರಡನೆಯದನ್ನು ಕಾಲೇಜಿನ ಉಪಕರಣ ನಂಬಿಕೆಯಿಂದ ತೋರಿಸಲಾರದು. ಜೊತೆಗೆ ಆ ವಿಷವನ್ನು ನಿಭಾಯಿಸುವ ಸುರಕ್ಷಾ ವ್ಯವಸ್ಥೆ ಸಾಮಾನ್ಯವಾಗಿ ಎಂ.ಎಸ್ಸಿ. ಪ್ರಯೋಗಶಾಲೆಯಲ್ಲಿ ಇರುವುದಿಲ್ಲ.

ಅದರ ಬದಲು 4-ಕ್ಲೋರೋಫೀನಾಲನ್ನು ಲೀಟರಿಗೆ 20 ಮಿಲಿಗ್ರಾಂ ತೆಗೆದುಕೊಳ್ಳಿ. ಪೂರ್ತಿ ಒಡೆದರೆ 5.5 ಮಿಲಿಗ್ರಾಂ ಕ್ಲೋರೈಡ್ ಹೊರಬರಬೇಕು, ಸುಮಾರು 11 ಮಿಲಿಗ್ರಾಂ ಸಾವಯವ ಇಂಗಾಲ ಇಳಿಯಬೇಕು; ಎರಡನ್ನೂ ಅಳೆಯಬಹುದು. ಇದೂ ವಿಷವೇ ಆದ್ದರಿಂದ ಕೈಗವಸು, ಹೊಗೆಗೂಡು ಬೇಕೇಬೇಕು. ಪಕ್ಕದಲ್ಲೇ ಬೆಂಜೋಯಿಕ್ ಆಮ್ಲದಂತಹ ಎಲೆಕ್ಟ್ರಾನ್ ಬಡ ಅಣುವೊಂದನ್ನೂ ಇಟ್ಟುಕೊಳ್ಳಿ. ಕ್ಲೋರೋಫೀನಾಲ್ ಹೋಗಿ ಬೆಂಜೋಯಿಕ್ ಆಮ್ಲ ಉಳಿದರೆ ನಿಮ್ಮ ಇಂಗಾಲ ತಂತಿಯ ಕೆಲಸ ಮಾಡುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ, ಎರಡೂ ಹೋದರೆ ರ‍್ಯಾಡಿಕಲ್‌ಗಳ ಕಡೆಗೆ ನೋಡಬೇಕು. ಎಂಡೋಸಲ್ಫಾನಿನ ಬಗ್ಗೆ ನಿಮಗೆ ಬೇಕಾದ ಸುಳಿವು ಈ ಹೋಲಿಕೆಯಿಂದಲೇ ಸಿಗುತ್ತದೆ.

ಮನೆಯ ನೀರಿಗೆ ಈ ಲವಣವನ್ನು ಬಳಸುವ ವಿಚಾರವನ್ನಂತೂ ಬಿಟ್ಟುಬಿಡಿ. ಪೆರಾಕ್ಸಿಮೊನೊಸಲ್ಫೇಟ್ ಅಂಗಡಿಯಲ್ಲಿ ಸಿಗುವುದು ಇತರ ಸಲ್ಫೇಟ್ ಲವಣಗಳೊಂದಿಗೆ ಕೂಡಿದ ತ್ರಿವಳಿ ಲವಣವಾಗಿ; ಅದನ್ನು ಲೀಟರಿಗೆ 2 ಗ್ರಾಂ ಹಾಕಿದರೆ ಕೊನೆಯಲ್ಲಿ ಸುಮಾರು 1250 ಮಿಲಿಗ್ರಾಂ ಸಲ್ಫೇಟ್ ಉಳಿಯುತ್ತದೆ. ಕುಡಿಯುವ ನೀರಿಗೆ 200 ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 400ರವರೆಗೆ ಅನುಮತಿ. ನಮ್ಮ ಮುರಕಲ್ಲಿನ ನೀರು ಮೃದು, ಆಮ್ಲವನ್ನು ತಡೆಯುವ ಬೈಕಾರ್ಬೊನೇಟ್ ಅದರಲ್ಲಿ ಕಡಿಮೆ, ಆದ್ದರಿಂದ ಅದು ಹುಳಿಯಾಗುವುದೂ ಬೇಗ. ನ್ಯಾನೋ ಗಾತ್ರದ ಪುಡಿ ಸೋಸುವ ಕಾಗದವನ್ನೂ ದಾಟಿ ಲೋಟಕ್ಕೆ ಬರಬಹುದು. ಇನ್ನು ಬಾಳಿಕೆಯ ಪ್ರಶ್ನೆ: ಮೂರು ನಾಲ್ಕು ಸಲ ಬಳಸುವುದರೊಳಗೆ ಇಂಗಾಲದ ಮೇಲ್ಮೈಯೇ ಉತ್ಕರ್ಷಣೆಗೊಂಡು, ಒಡೆದ ಚೂರುಗಳು ಅಂಟಿಕೊಂಡು, ಅದರ ಚುರುಕು ಇಳಿಯುವುದು ಸಾಮಾನ್ಯ. ಸಾರಜನಕದಲ್ಲಿ ಮತ್ತೆ ಕಾಯಿಸಿದರೆ ಒಂದಷ್ಟು ಮರಳುತ್ತದೆ. ಈ ವಿಧಾನಕ್ಕೆ ತಕ್ಕ ಜಾಗ ಔಷಧ ಕಾರ್ಖಾನೆ, ಆಸ್ಪತ್ರೆಗಳಂತಹ ಕಡೆ, ಕಡಿಮೆ ನೀರಿನಲ್ಲಿ ಹೆಚ್ಚು ವಿಷವಿರುವಲ್ಲಿ ಎಂಬುದು ನನ್ನ ಅಭಿಪ್ರಾಯ.

ಎಣ್ಮಕಜೆಯ ವಿದ್ಯಾರ್ಥಿನಿ

ಮಾಸ್ತರರೇ, ಅಣ್ಣಂದಿರೇ, ನಿಮ್ಮ ಮಾತುಗಳನ್ನು ಮುದ್ರಿಸಿ ಮಾರ್ಗದರ್ಶಕರಿಗೆ ಕೊಟ್ಟೆ. ಪ್ರಾಜೆಕ್ಟಿನ ಶೀರ್ಷಿಕೆಯಿಂದ ಎಂಡೋಸಲ್ಫಾನ್ ಎಂಬ ಪದವನ್ನೂ ಲೋಹರಹಿತ ಎಂಬ ಪದವನ್ನೂ ಸದ್ಯಕ್ಕೆ ತೆಗೆದಿದ್ದೇವೆ. ನಮ್ಮ ತೋಟದಲ್ಲಿ ಮೈಲುತುತ್ತು ತಾಗದ ಅಡಿಕೆ ಮರ ಒಂದೂ ಇಲ್ಲದ ಕಾರಣ ಹೋಲಿಕೆಗೆ ತೆಂಗಿನ ಗೆರಟೆಯ ಇಂಗಾಲವನ್ನು ಅದೇ ಬಗೆಯಲ್ಲಿ ತಯಾರಿಸುತ್ತೇನೆ. ಅಡಿಕೆ ಸಿಪ್ಪೆಯದರಲ್ಲಿ ಆಮ್ಲದಲ್ಲಿ ತೊಳೆದದ್ದು, ತೊಳೆಯದ್ದು ಎಂದು ಎರಡು ಭಾಗ ಮಾಡಿ ಮೂರನ್ನೂ 4-ಕ್ಲೋರೋಫೀನಾಲಿನ ಮೇಲೆ ನೋಡುತ್ತೇನೆ. ತೊಳೆದ ಮೇಲೆ ಚುರುಕು ಕುಸಿದರೆ ಕೆಲಸ ಮಾಡುತ್ತಿದ್ದದ್ದು ತಾಮ್ರ ಎಂದು ಬರೆಯಲು ನನಗೆ ಹಿಂಜರಿಕೆಯಿಲ್ಲ.

ಕಂದು ಬಾಟಲಿಗಳು ಕಾಲೇಜಿನಿಂದ ಸಿಕ್ಕಿವೆ. ಬರುವ ಭಾನುವಾರ ಅಪ್ಪ ಹೊಂಡದ ನೀರನ್ನು ಹೊರಬಿಟ್ಟು ತಳದ ಕೆಸರನ್ನು ತೆಗೆದುಕೊಡುತ್ತಾರೆ. ಸುರಂಗದ ಒಳಗಿನ ನೀರಿನಿಂದಲೂ ಒಂದು ಮಾದರಿ ತೆಗೆದು ಒಟ್ಟಿಗೆ ಕಳುಹಿಸುತ್ತೇನೆ. ಫಲಿತಾಂಶ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.